ಬೆಂಗಳೂರಿನ ಮೆಟ್ರೊ, ಮೆಮು ಮತ್ತು ಉಪನಗರ ರೈಲು: ಯಾವುದಕ್ಕೆ ಯಾರು ಹೊಣೆ?

ಪ್ರಶ್ನೆ: ಸಂಘದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪರವಾಗಿ ಒಂದು ಮನವಿಪತ್ರವನ್ನು ಸಿದ್ಧಪಡಿಸುತ್ತಿದ್ದೇವೆ. ಅದನ್ನು ಯಾರ ಹೆಸರಿಗೆ ಬರೆಯಬೇಕು ಎಂಬಲ್ಲಿಯೇ ಕೆಲಸ ನಿಂತುಬಿಟ್ಟಿದೆ. ನಮ್ಮ ಸಮೀಪದಲ್ಲಿ ರೈಲ್ವೆ ನಿಲ್ದಾಣವೂ ಮೆಟ್ರೊ ನಿಲ್ದಾಣವೂ ಅಕ್ಕಪಕ್ಕದಲ್ಲಿವೆ. ಸುತ್ತಲಿನ ಊರುಗಳಿಂದ ಮೆಮು ರೈಲಿನಲ್ಲಿ (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಬಂದು, ಇಲ್ಲಿ ಇಳಿದು, ಮೆಟ್ರೊ ಹತ್ತಿ ಕೆಲಸಕ್ಕೆ ಹೋಗುವವರು ದಿನವೂ ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಗಾರ್ಮೆಂಟ್ ಕಾರ್ಖಾನೆಗಳಿಗೆ, ಮಾಲ್‌ಗಳಿಗೆ, ಆಸ್ಪತ್ರೆಗಳಿಗೆ ಪಾಳಿಯ ಮೇಲೆ ಹೋಗುವವರು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ರಾತ್ರಿಯ ಕೊನೆಯ ಮೆಟ್ರೊ ಅರ್ಧ ಗಂಟೆ ತಡವಾಗಿ ಹೊರಡಬೇಕು. ದಿನವೂ ಓಡಾಡುವವರಿಗೆ ದರದಲ್ಲಿ ಇನ್ನಷ್ಟು ರಿಯಾಯಿತಿ ಸಿಗಬೇಕು. ಸಂಜೆಯ ಮೆಮು ರೈಲು ಪಾಳಿ ಮುಗಿಯುವ ಹೊತ್ತಿಗೆ ಹೊಂದಿಕೆಯಾಗಬೇಕು. ಎರಡು ನಿಲ್ದಾಣಗಳ ನಡುವಿನ ಪಾದಚಾರಿ ಮೇಲ್ಸೇತುವೆಯ ಲಿಫ್ಟ್ ಕೆಲಸ ಮಾಡಬೇಕು, ಕೆಳಗಿನ ದಾರಿಗೆ ದೀಪ ಬೇಕು. ಈ ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆದು ಕಳೆದ ವರ್ಷ ಒಂದು ಕಚೇರಿಗೆ ಕೊಟ್ಟೆವು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಇನ್ನೊಂದು ಕಚೇರಿಯ ಉತ್ತರವೂ ಅದೇ ಆಗಿತ್ತು.

ನಮ್ಮ ಮೆಟ್ರೊ ರಾಜ್ಯ ಸರ್ಕಾರದ್ದೆಂದು ಕೆಲವರು ಹೇಳುತ್ತಾರೆ, ಕೇಂದ್ರದ್ದೆಂದು ಕೆಲವರು ಹೇಳುತ್ತಾರೆ. 2025ರ ಫೆಬ್ರುವರಿಯಲ್ಲಿ ದರ ಏರಿದಾಗ ಎರಡೂ ಕಡೆಯವರು ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕಿದ್ದನ್ನು ಎಲ್ಲರೂ ಕಂಡಿದ್ದೇವೆ. ನಿಜವಾಗಿ ಯಾವ ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಕಾನೂನು ಓದುಗಿ

ಕಾರ್ಯದರ್ಶಿಯವರೇ, ನಿಮ್ಮ ನಾಲ್ಕೂ ಬೇಡಿಕೆಗಳ ಮೇಲೆ ತೀರ್ಮಾನ ಮಾಡುವವರು ಬೇರೆ ಬೇರೆಯವರು. ಒಂದೇ ಪತ್ರ ಬರೆದರೆ ಪಡೆದವರೆಲ್ಲರೂ ತಮಗೆ ಸೇರದ ಭಾಗವನ್ನು ತೋರಿಸಿ ಇಡೀ ಪತ್ರವನ್ನು ಹಿಂದಿರುಗಿಸಬಹುದು. ನಾನು ಕಾನೂನಿನ ಭಾಗವನ್ನು, ಅದರಲ್ಲೂ ದರದ ವಿಷಯವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಅಲ್ಲಿಯೇ.

ಬೆಂಗಳೂರು ಮೆಟ್ರೊ ರೈಲು ನಿಗಮದಲ್ಲಿ ಕೇಂದ್ರ ಸರ್ಕಾರಕ್ಕೂ ರಾಜ್ಯ ಸರ್ಕಾರಕ್ಕೂ ಸಮಪಾಲು ಇದೆ. ಆಡಳಿತ ಮಂಡಳಿಗೆ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಕಾರ್ಯದರ್ಶಿ ಅಧ್ಯಕ್ಷರಾಗಿರುತ್ತಾರೆ. ದಿನನಿತ್ಯದ ಆಡಳಿತ ನೋಡಿಕೊಳ್ಳುವ ವ್ಯವಸ್ಥಾಪಕ ನಿರ್ದೇಶಕರು ರಾಜ್ಯದ ಕಡೆಯಿಂದ ಬರುತ್ತಾರೆ. ಹೀಗಾಗಿ ಇದು ರಾಜ್ಯದ್ದೋ ಕೇಂದ್ರದ್ದೋ ಎಂಬ ವಾದಕ್ಕೆ ಒಡೆತನದ ದಾಖಲೆಯಲ್ಲಿ ಉತ್ತರ ಸಿಗುವುದಿಲ್ಲ, ಕಾಯ್ದೆಯಲ್ಲಿ ಹುಡುಕಬೇಕು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ರೈಲ್ವೆಯು ಕೇಂದ್ರ ಪಟ್ಟಿಯ 22ನೇ ನಮೂದಾಗಿದೆ, ನಗರಸಭೆಗಳ ಟ್ರಾಂ ಮಾರ್ಗಗಳು ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿವೆ. ಮೆಟ್ರೊ ಒಂದೇ ನಗರದೊಳಗೆ ಓಡುವುದಾದರೂ ಕಾನೂನಿನ ದೃಷ್ಟಿಯಲ್ಲಿ ಅದು ರೈಲ್ವೆಯೇ, ಆದ್ದರಿಂದ ಅದಕ್ಕೆ ಸಂಸತ್ತಿನ ಕಾಯ್ದೆ ಅನ್ವಯವಾಗುತ್ತದೆ. 2002ರಲ್ಲಿ ದೆಹಲಿಗಾಗಿ ಮಾಡಿದ ಮೆಟ್ರೊ ಕಾರ್ಯಾಚರಣೆ ಮತ್ತು ನಿರ್ವಹಣೆ ಕಾಯ್ದೆಯನ್ನು 2009ರ ತಿದ್ದುಪಡಿಯ ಮೂಲಕ ಇತರ ಮಹಾನಗರಗಳಿಗೂ ವಿಸ್ತರಿಸಲಾಯಿತು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗಿನ ಮೊದಲ ಮಾರ್ಗ 2011ರ ಅಕ್ಟೋಬರ್ 20ರಂದು ಆರಂಭವಾದದ್ದು ಈ ಕಾಯ್ದೆಯ ಅಡಿಯಲ್ಲಿಯೇ. ಹಾಗೆಂದು ಕೇಂದ್ರದ ರೈಲ್ವೆ ಸಚಿವಾಲಯವು ಮೆಟ್ರೊವನ್ನು ನಡೆಸುವುದಿಲ್ಲ. 1986ರಿಂದ ನಗರ ಸಾರಿಗೆಯ ಯೋಜನೆ ಮತ್ತು ಸಮನ್ವಯವು ಕೇಂದ್ರದಲ್ಲಿ ನಗರಾಭಿವೃದ್ಧಿಯನ್ನು ನೋಡಿಕೊಳ್ಳುವ ಸಚಿವಾಲಯಕ್ಕೆ ಸೇರಿದೆ.

ಈಗ ದರದ ವಿಷಯ. ಹೊಸ ಮೆಟ್ರೊ ಆರಂಭವಾಗುವಾಗ ಮೊದಲ ದರವನ್ನು ನಿಗಮವೇ ನಿಗದಿ ಮಾಡಬಹುದು. ಆಮೇಲಿನ ಪರಿಷ್ಕರಣೆಗೆ ದರ ನಿಗದಿ ಸಮಿತಿ ಬೇಕು, ಅದನ್ನು ರಚಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ಸಮಿತಿಯಲ್ಲಿ ಮೂವರು ಇರುತ್ತಾರೆ: ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೊಬ್ಬರು ಅಧ್ಯಕ್ಷರು, ಕೇಂದ್ರ ಹೆಸರಿಸಿದ ಒಬ್ಬ ಸದಸ್ಯರು, ರಾಜ್ಯ ಹೆಸರಿಸಿದ ಒಬ್ಬ ಸದಸ್ಯರು. ಸಮಿತಿಯ ಶಿಫಾರಸು ನಿಗಮವನ್ನು ಕಟ್ಟಿಹಾಕುತ್ತದೆ ಎಂದು ಕಾಯ್ದೆಯ 37ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. 2017ರ ನಂತರ ಬೆಂಗಳೂರಿನಲ್ಲಿ ದರ ಬದಲಾಗಿರಲಿಲ್ಲ. 2024ರಲ್ಲಿ ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆರ್. ಥರಣಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು, 2025ರ ಫೆಬ್ರುವರಿ 9ರಂದು ಹೊಸ ದರ ಜಾರಿಗೆ ಬಂತು. ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಕೆಲವು ದೂರಗಳಿಗೆ ದರ ದುಪ್ಪಟ್ಟಾಗಿದ್ದರಿಂದ ಪ್ರಯಾಣಿಕರು ಪ್ರತಿಭಟಿಸಿದರು, ಕೆಲವೇ ದಿನಗಳಲ್ಲಿ ನಿಗಮವು ಅಂಥ ಕಡೆಗಳಲ್ಲಿ ಸ್ವಲ್ಪ ಇಳಿಸಿತು. ಸಮಿತಿಯ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅದೂ ವಿಷಯ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ.

ಆಗ ಕೇಂದ್ರವು ಸಮಿತಿಯನ್ನು ರಚಿಸಿತು ಎಂಬ ಮಾತೂ ನಿಜ, ದರ ಪರಿಷ್ಕರಣೆ ಬೇಕೆಂದು ಕೋರಿಕೆ ಹೋಗುವುದು ನಿಗಮದಿಂದ ಎಂಬ ಮಾತೂ ನಿಜ, ಆ ನಿಗಮದ ಆಡಳಿತದಲ್ಲಿ ರಾಜ್ಯದ ಅಧಿಕಾರಿಗಳಿದ್ದಾರೆ ಎಂಬ ಮಾತೂ ನಿಜ. ಎಲ್ಲರೂ ತಮಗೆ ಬೇಕಾದ ಸತ್ಯವನ್ನಷ್ಟೇ ಹೇಳಿದರು. ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ ಬೇರೆಯೇ ಇದೆ. ಆ ಮೂರು ಕುರ್ಚಿಗಳಲ್ಲಿ ಒಂದೂ ಪ್ರಯಾಣಿಕರದ್ದಲ್ಲ. ದರ ಹೇಗೆ ಲೆಕ್ಕ ಹಾಕಿದರು ಎಂಬುದನ್ನು ದರ ಕೊಡುವವರು ಏಳು ತಿಂಗಳ ನಂತರ ಓದಬೇಕಾಯಿತು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಹಣದ ಹೊಣೆಯನ್ನೂ ಸೇರಿಸಿ ಹೇಳುತ್ತೇನೆ. ವಿದೇಶಿ ಸಾಲಗಳು ಬರುವುದು ಕೇಂದ್ರದ ಮೂಲಕವಾದರೂ ಭೂಸ್ವಾಧೀನದ ಹೊರೆ, ನಿಗಮದ ನಗದು ನಷ್ಟವನ್ನು ತುಂಬಿಕೊಡುವ ಹೊರೆ ಬೀಳುವುದು ರಾಜ್ಯದ ಬೊಕ್ಕಸದ ಮೇಲೆ. ಹಾಗಾಗಿ ರಿಯಾಯಿತಿ ಬೇಕೆಂದರೆ ನೀವು ಎರಡು ಕಡೆ ಬರೆಯಬೇಕು. ಮೂಲ ದರದ ಬಗ್ಗೆ ಮುಂದಿನ ಸಮಿತಿ ರಚನೆಯಾದಾಗ, ಅದು ಸಾರ್ವಜನಿಕರ ಅಭಿಪ್ರಾಯ ಕೇಳುವ ಅವಧಿಯಲ್ಲಿ ಬರೆಯಿರಿ. ಕಾರ್ಡ್ ಬಳಸುವವರಿಗೆ, ಜನದಟ್ಟಣೆಯಿಲ್ಲದ ವೇಳೆಯಲ್ಲಿ ಓಡಾಡುವವರಿಗೆ, ಪಾಸು ಕೊಳ್ಳುವವರಿಗೆ ಸಿಗಬೇಕಾದ ರಿಯಾಯಿತಿಯ ಬಗ್ಗೆ ಈಗಲೇ ನಿಗಮಕ್ಕೆ ಬರೆದು, ಅದರ ಪ್ರತಿಯನ್ನು ರಾಜ್ಯದ ನಗರಾಭಿವೃದ್ಧಿ ಇಲಾಖೆಗೆ ಕೊಡಿ.

ಉತ್ತರ 2: ರಾತ್ರಿ ಪಾಳಿ

ಕೊನೆಯ ರೈಲಿನ ಸಮಯದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಾನು ಮೆಟ್ರೊ ಹಳಿಯ ನಿರ್ವಹಣೆಯ ಕೆಲಸದಲ್ಲಿದ್ದವನು. ವೇಳಾಪಟ್ಟಿ ಪೂರ್ತಿಯಾಗಿ ನಿಗಮದ ಕೈಯಲ್ಲಿದೆ. ಹೊಸ ವರ್ಷದ ಹಿಂದಿನ ರಾತ್ರಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯ ನಡೆದ ರಾತ್ರಿಗಳಲ್ಲಿ ರೈಲುಗಳನ್ನು ತಡವಾಗಿ ಓಡಿಸಿದ್ದು ನಿಗಮದ ಸ್ವಂತ ತೀರ್ಮಾನದಿಂದಲೇ. ಅದಕ್ಕೆ ಯಾವ ಸಚಿವಾಲಯದ ಅಪ್ಪಣೆಯೂ ಬೇಕಾಗಲಿಲ್ಲ.

ಆದರೆ ನಿತ್ಯವೂ ಅರ್ಧ ಗಂಟೆ ಹೆಚ್ಚಿಸುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಬೆಂಗಳೂರಿನಲ್ಲಿ ವಿದ್ಯುತ್ ಬರುವುದು ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದಲ್ಲಿ ಓಡುವ ಮೂರನೇ ಹಳಿಯಿಂದ. ಅದರಲ್ಲಿ 750 ವೋಲ್ಟ್ ನೇರ ವಿದ್ಯುತ್ ಇರುತ್ತದೆ. ಕೊನೆಯ ರೈಲು ಡಿಪೊ ಸೇರಿದ ಮೇಲೆ ನಿಯಂತ್ರಣ ಕೊಠಡಿಯವರು ಆ ಭಾಗದ ವಿದ್ಯುತ್ ಕಡಿತ ಮಾಡಿದ್ದೇವೆಂದು ತಿಳಿಸಬೇಕು, ಸ್ಥಳದಲ್ಲಿರುವವರು ಪರೀಕ್ಷಿಸಿ ಅರ್ಥಿಂಗ್ ಹಾಕಬೇಕು, ಅಂದರೆ ಉಳಿದ ವಿದ್ಯುತ್ ನೆಲಕ್ಕೆ ಹರಿಯುವಂತೆ ಜೋಡಿಸಬೇಕು, ಆಮೇಲೆಯೇ ಯಾರಾದರೂ ಹಳಿಗೆ ಇಳಿಯಬಹುದು. ಟಾರ್ಚ್ ಹಿಡಿದು ಒಂದೊಂದೇ ಕ್ಲಿಪ್, ಬೋಲ್ಟು ನೋಡುತ್ತ ಹೋಗುವ ತಂಡ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳಿಗೆ ಎಣ್ಣೆ ಹಾಕುವವರು, ಸಿಗ್ನಲ್ ಕೇಬಲ್ ನೋಡುವವರು, ಎಲ್ಲರ ಕೆಲಸವೂ ಆ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ಬೆಳಗಿನ ಮೊದಲ ರೈಲಿಗೆ ಮುನ್ನ ಎಲ್ಲ ಸಲಕರಣೆಗಳನ್ನೂ ಎಣಿಸಿ ಹೊರತೆಗೆದು, ಎಲ್ಲ ಮನುಷ್ಯರೂ ಹಳಿಯಿಂದ ಹೊರಬಂದಿದ್ದಾರೆಂದು ಸಹಿ ಹಾಕಿದ ಮೇಲೆ ಮತ್ತೆ ವಿದ್ಯುತ್ ಹರಿಸುತ್ತಾರೆ. ರಾತ್ರಿಯ ಅರ್ಧ ಗಂಟೆಯನ್ನು ಈ ಕೆಲಸದಿಂದಲೇ ಕತ್ತರಿಸಬೇಕು. ವಾರದಲ್ಲಿ ಎರಡು ಮೂರು ದಿನ ಮಾತ್ರ, ಪಾಳಿ ಬಿಡುವ ದಿನಗಳನ್ನು ನೋಡಿಕೊಂಡು ತಡವಾದ ರೈಲು ಕೇಳಿದರೆ ನಿಮ್ಮ ಬೇಡಿಕೆಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಮಾತು. ರೈಲುಗಳ ಸಂಖ್ಯೆ ಹೆಚ್ಚಿಸಿ ಎಂಬ ಬೇಡಿಕೆಯನ್ನೂ ಜನ ನಿಗಮದ ಮುಂದೆಯೇ ಇಡುತ್ತಾರೆ, ಆದರೆ ಅಲ್ಲಿ ನಿಗಮದ ಕೈ ಅರ್ಧ ಕಟ್ಟಿರುತ್ತದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವನ್ನೇ ನೋಡಿ. ಹಳಿ, ನಿಲ್ದಾಣಗಳು ಸಿದ್ಧವಾಗಿದ್ದರೂ ಬೋಗಿಗಳು ಇರಲಿಲ್ಲ. ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಗುತ್ತಿಗೆ ಕೊಟ್ಟದ್ದು 2019ರಲ್ಲಿ, ಮಾದರಿ ರೈಲು ಬಂದದ್ದು 2024ರಲ್ಲಿ, ಉಳಿದವು ಬಂಗಾಳದ ಟಿಟಾಗಢ ಕಾರ್ಖಾನೆಯಿಂದ ಒಂದೊಂದಾಗಿ ಬರಬೇಕಿತ್ತು. ಹೊಸ ಮಾದರಿಯ ರೈಲನ್ನು ಲಖನೌದಲ್ಲಿರುವ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಪರೀಕ್ಷಿಸಬೇಕು, ರೈಲ್ವೆ ಮಂಡಳಿಯ ತಾಂತ್ರಿಕ ಒಪ್ಪಿಗೆ ಸಿಗಬೇಕು, ಕೊನೆಗೆ ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ಮಾರ್ಗವನ್ನು ಪರಿಶೀಲಿಸಬೇಕು. ಆಯುಕ್ತರ ಪರಿಶೀಲನೆ 2025ರ ಜುಲೈನಲ್ಲಿ ನಡೆದು, ಆಗಸ್ಟ್‌ನಲ್ಲಿ ಸೇವೆ ಆರಂಭವಾದಾಗ ಮೂರೇ ರೈಲುಗಳಿದ್ದವು, 25 ನಿಮಿಷಕ್ಕೊಂದರಂತೆ ಓಡಿದವು.

ಉತ್ತರ 3: ನಿವೃತ್ತ ರೈಲ್ವೆ ನೌಕರ

ಮೆಮು ರೈಲಿನ ವಿಷಯ ನನಗೆ ಬಿಡಿ. ಮೆಟ್ರೊ ಸಂಬಂಧದ ಯಾವ ಕಚೇರಿಗೂ ಇದರಲ್ಲಿ ಪಾತ್ರವಿಲ್ಲ. ಮೆಮು ಭಾರತೀಯ ರೈಲ್ವೆಯದ್ದು. 1989ರ ರೈಲ್ವೆ ಕಾಯ್ದೆ ಅದಕ್ಕೆ ಅನ್ವಯವಾಗುತ್ತದೆ. ಬೆಂಗಳೂರು ವಿಭಾಗವು 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಗೆ ಸೇರಿದೆ. ಈಗಿರುವ ರೈಲಿನ ಸಮಯವನ್ನು ಹತ್ತು ಹದಿನೈದು ನಿಮಿಷ ಹೊಂದಿಸುವ ಪ್ರಸ್ತಾವ ವಿಭಾಗದಿಂದ ಹೊರಟು ಹುಬ್ಬಳ್ಳಿಯಲ್ಲಿ ತೀರ್ಮಾನವಾಗಬಹುದು, ಹೊಸ ರೈಲು ಬೇಕೆಂದರೆ ದೆಹಲಿಯ ರೈಲ್ವೆ ಮಂಡಳಿಯ ಒಪ್ಪಿಗೆ ಬೇಕು, ರೇಕು, ಅಂದರೆ ಬೋಗಿಗಳ ಜೋಡಣೆ, ಹಂಚುವವರೂ ಅವರೇ.

ಸಮಯ ಹೊಂದಿಸುವುದು ಏಕೆ ಕಷ್ಟ ಎಂಬುದನ್ನು ತಿಳಿಯಬೇಕಾದರೆ ಕಂಟ್ರೋಲ್ ಆಫೀಸಿನ ಒಳಗೆ ನೋಡಬೇಕು. ನಮ್ಮ ಕಾಲದಲ್ಲಿ ಒಂದು ಭಾಗದ ರೈಲುಗಳ ಓಡಾಟವನ್ನು ನಿಯಂತ್ರಿಸುವ ಸೆಕ್ಷನ್ ಕಂಟ್ರೋಲರ್ ಮುಂದೆ ದೊಡ್ಡ ಚಾರ್ಟು ಹರಡಿರುತ್ತಿತ್ತು. ಒಂದು ಬದಿಯಲ್ಲಿ ನಿಲ್ದಾಣಗಳು, ಇನ್ನೊಂದು ಬದಿಯಲ್ಲಿ ಗಂಟೆ ನಿಮಿಷಗಳು. ಪ್ರತಿ ಸ್ಟೇಷನ್ ಮಾಸ್ಟರ್ ಫೋನಿನಲ್ಲಿ ರೈಲು ಬಂದ ಹೊತ್ತು, ಬಿಟ್ಟ ಹೊತ್ತು ಹೇಳುತ್ತಿದ್ದಂತೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಈಗ ಆ ಕೆಲಸ ಕಂಪ್ಯೂಟರ್ ಪರದೆಯ ಮೇಲೆ ಆಗುತ್ತದೆ, ಲೆಕ್ಕ ಮಾತ್ರ ಅದೇ. ಹಿಂದಿನಿಂದ ರಾಜಧಾನಿಯೋ ಶತಾಬ್ದಿಯೋ ಬರುತ್ತಿದ್ದರೆ ಮೆಮು ರೈಲನ್ನು ನಿಲ್ದಾಣದ ಪಕ್ಕದ ಹಳಿಯಾದ ಲೂಪ್ ಲೈನಿಗೆ ಹಾಕಿ ನಿಲ್ಲಿಸುತ್ತಾರೆ. ಒಳಗಿರುವ ಸಾವಿರಾರು ಮಂದಿಗೆ ಕೆಲಸಕ್ಕೆ ತಡವಾಗುತ್ತಿದೆ ಎಂಬುದು ಕಂಟ್ರೋಲರ್‌ಗೆ ಗೊತ್ತಿಲ್ಲವೆಂದಲ್ಲ. ದೂರದ ರೈಲುಗಳ ಸಮಯಪಾಲನೆಯ ಲೆಕ್ಕವನ್ನು ಮೇಲಿನವರು ದಿನವೂ ಕೇಳುತ್ತಾರೆ, ಮೆಮು ಕೆಳಗಿನ ಸಾಲಿನಲ್ಲಿ ಉಳಿದುಬಿಡುತ್ತದೆ. ದೇಶವನ್ನು ಸುತ್ತುವ ರೈಲುಗಳ ಹೊಣೆ ಹೊತ್ತ ಸಂಸ್ಥೆಯೊಂದು ಅದೇ ಹಳಿಯ ಮೇಲೆ ನಗರದ ಓಡಾಟವನ್ನೂ ನೋಡಿಕೊಳ್ಳಬೇಕಾದಾಗ ನಗರದ ಪ್ರಯಾಣಿಕರು ಸದಾ ಎರಡನೆಯವರಾಗುತ್ತಾರೆ. ಇಷ್ಟು ವರ್ಷ ಅಲ್ಲಿ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇದು.

ದೇವನಹಳ್ಳಿ ಕಡೆಯ ವಿಮಾನ ನಿಲ್ದಾಣದ ಹಾಲ್ಟ್ ಇದಕ್ಕೆ ಒಳ್ಳೆಯ ನಿದರ್ಶನ. ನಿಲ್ದಾಣವನ್ನು ಕಟ್ಟಿಸಿದ್ದು ವಿಮಾನ ನಿಲ್ದಾಣದ ಕಂಪನಿ. 2021ರ ಜನವರಿಯಲ್ಲಿ ರೈಲುಗಳು ನಿಲ್ಲಲಾರಂಭಿಸಿದವು. ಕಟ್ಟಿಸಿದವರಿಗೆ ರೈಲಿನ ಸಮಯದ ಮೇಲೆ ಅಧಿಕಾರವಿಲ್ಲ, ಯಲಹಂಕದಿಂದ ಮುಂದೆ ಇದ್ದದ್ದು ಒಂದೇ ಹಳಿ. ವಿಮಾನಗಳ ಹೊತ್ತಿಗೆ, ಅಲ್ಲಿನ ನೌಕರರ ಪಾಳಿಗೆ ರೈಲು ಹೊಂದಿಕೆಯಾಗದೆ ಹೆಚ್ಚಿನವರು ಬಸ್ಸನ್ನೇ ಹಿಡಿದರು.

ಉಪನಗರ ರೈಲು ಯೋಜನೆ ಹುಟ್ಟಿದ್ದೇ ಈ ಕಾರಣಕ್ಕೆ. 148 ಕಿಲೊಮೀಟರ್ ಉದ್ದದ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರಿಟ್ಟಿದ್ದಾರೆ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಕಟ್ಟುತ್ತಿರುವ ಕೆ-ರೈಡ್ ಸಂಸ್ಥೆಯಲ್ಲಿ ರಾಜ್ಯದ್ದು 51 ಪಾಲು, ರೈಲ್ವೆ ಸಚಿವಾಲಯದ್ದು 49 ಪಾಲು. ಬಹುಪಾಲು ರೈಲ್ವೆಯ ಜಮೀನಿನಲ್ಲಿಯೇ, ಈಗಿರುವ ಹಳಿಗಳ ಪಕ್ಕದಲ್ಲಿ ಪ್ರತ್ಯೇಕ ಹಳಿ ಹಾಕುತ್ತಾರೆ. ಹಳಿಗಳ ನಡುವಿನ ಅಂತರ ಮಾತ್ರ ರೈಲ್ವೆಯ 1676 ಮಿಲಿಮೀಟರ್ ಬ್ರಾಡ್‌ಗೇಜ್; ಮೆಟ್ರೊದಲ್ಲಿ ಅದು 1435 ಮಿಲಿಮೀಟರ್. ಆದ್ದರಿಂದ ಮೆಟ್ರೊ ರೈಲು ಅಲ್ಲಿಗೆ ಬರುವಂತಿಲ್ಲ, ಆ ರೈಲು ಮೆಟ್ರೊ ಹಳಿಗೆ ಹೋಗುವಂತಿಲ್ಲ. ಮಾರ್ಗ ತೆರೆಯುವ ದಿನದವರೆಗೆ ನಿಮ್ಮ ಮೆಮು ಪತ್ರವನ್ನು ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಹೆಸರಿಗೆ ಬರೆಯಿರಿ. ವಿಭಾಗದ ಮಟ್ಟದಲ್ಲಿ ರೈಲು ಬಳಕೆದಾರರ ಸಲಹಾ ಸಮಿತಿ ಇರುತ್ತದೆ. ಅದರ ಸದಸ್ಯರೊಬ್ಬರು ನಿಮ್ಮ ವಿಷಯವನ್ನು ಸಭೆಯಲ್ಲಿ ಎತ್ತಿದರೆ ಲಿಖಿತ ಉತ್ತರ ಬರುತ್ತದೆ.

ಮರುಪ್ರಶ್ನೆ: ಸಂಘದ ಕಾರ್ಯದರ್ಶಿ

ಮೂವರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ನಷ್ಟ ತುಂಬುವವರು ರಾಜ್ಯದವರು, ದರದ ಸಮಿತಿ ರಚಿಸುವವರು ಕೇಂದ್ರದವರು ಎಂಬ ವ್ಯವಸ್ಥೆ ಎಲ್ಲ ನಗರಗಳಲ್ಲಿಯೂ ಹೀಗೆಯೇ ಇದೆಯೇ? ಇನ್ನೊಂದು, ಸುರಕ್ಷತೆಯನ್ನು ನೋಡುವ ಆಯುಕ್ತರು ಯಾರ ಅಧೀನದಲ್ಲಿದ್ದಾರೆ?

ಉತ್ತರ 4: ನಗರ ಸಾರಿಗೆ ಆಸಕ್ತ

ಎಲ್ಲೆಡೆ ಹೀಗಿಲ್ಲ. ದೇಶದ ಮೊದಲ ಮೆಟ್ರೊ ಆದ ಕೋಲ್ಕತ್ತದ್ದು 1984ರಲ್ಲಿ ಆರಂಭವಾದಾಗಿನಿಂದ ಭಾರತೀಯ ರೈಲ್ವೆಯ ಕೈಯಲ್ಲಿಯೇ ಇದೆ, 2010ರಲ್ಲಿ ಅದಕ್ಕೆ ಪ್ರತ್ಯೇಕ ರೈಲ್ವೆ ವಲಯದ ಸ್ಥಾನ ಸಿಕ್ಕಿತು. ಅಲ್ಲಿ ದರ ನಿರ್ಧರಿಸುವುದೂ ನಷ್ಟ ಹೊರುವುದೂ ಕೇಂದ್ರದ ರೈಲ್ವೆಯೇ. ಮುಂಬೈನ ಲೋಕಲ್ ರೈಲುಗಳನ್ನು ಪಶ್ಚಿಮ ರೈಲ್ವೆ ಮತ್ತು ಮಧ್ಯ ರೈಲ್ವೆಗಳು ನಡೆಸುತ್ತವೆ. 1999ರಲ್ಲಿ ಸ್ಥಾಪಿಸಿದ ಮುಂಬೈ ರೈಲ್ವೆ ವಿಕಾಸ ನಿಗಮವು ಹಳಿ, ನಿಲ್ದಾಣಗಳ ಯೋಜನೆಗಳನ್ನು ಜಾರಿ ಮಾಡುತ್ತದೆಯೇ ಹೊರತು ರೈಲು ಓಡಿಸುವುದಿಲ್ಲ. ಕೆ-ರೈಡ್ ಬಗ್ಗೆ ಯೋಚಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು, ಏಕೆಂದರೆ ಕಟ್ಟುವ ಸಂಸ್ಥೆ ಬೇರೆ, ಓಡಿಸುವ ಸಂಸ್ಥೆ ಬೇರೆಯಾದರೆ ಪ್ಲಾಟ್‌ಫಾರಂ ಎತ್ತರದಿಂದ ಹಿಡಿದು ಶೌಚಾಲಯದವರೆಗೆ ತಕರಾರು ಬರುತ್ತದೆ.

ಖಾಸಗಿಯವರು ಬಂದ ಕಡೆಯಲ್ಲಿ ಹೊಣೆಯ ಗೆರೆ ಇನ್ನಷ್ಟು ತೊಡಕಾಗಿದೆ. ಮುಂಬೈನ ಮೊದಲ ಮೆಟ್ರೊ ಮಾರ್ಗ 2014ರ ಜೂನ್‌ನಲ್ಲಿ ಆರಂಭವಾದಾಗ ಮೂಲ ಕರಾರಿನಲ್ಲಿ 9, 11, 13 ರೂಪಾಯಿಗಳ ದರವಿತ್ತು. ಮೊದಲ ದರವನ್ನು ಮೆಟ್ರೊ ಆಡಳಿತವೇ ನಿಗದಿ ಮಾಡಬಹುದು ಎಂಬ, ಮೇಲೆ ಕಾನೂನು ಓದುಗಿಯವರು ಹೇಳಿದ ಕಲಮನ್ನೇ ಹಿಡಿದು ಕಂಪನಿಯು 10ರಿಂದ 40 ರೂಪಾಯಿ ವಸೂಲಿಗೆ ಮುಂದಾಯಿತು. ಪಾಲುದಾರನಾಗಿದ್ದ ರಾಜ್ಯದ ಪ್ರಾಧಿಕಾರವು ಹೈಕೋರ್ಟಿಗೆ ಹೋಗಬೇಕಾಯಿತು. ದೆಹಲಿಯ ವಿಮಾನ ನಿಲ್ದಾಣ ಮಾರ್ಗದಲ್ಲಿ ಖಾಸಗಿ ಕಂಪನಿಯು 2013ರಲ್ಲಿ ಹೊರನಡೆದಾಗ ದೆಹಲಿ ಮೆಟ್ರೊ ನಿಗಮವೇ ಓಡಿಸುವ ಹೊಣೆ ಹೊತ್ತಿತು, ಪರಿಹಾರದ ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿ 2024ರವರೆಗೂ ಎಳೆಯಿತು. ಕರಾರಿನಲ್ಲಿ ಏನೇ ಬರೆದಿದ್ದರೂ ರೈಲು ನಿಲ್ಲಬಾರದು ಎಂಬ ಕೊನೆಯ ಹೊಣೆ ಸಾರ್ವಜನಿಕ ಸಂಸ್ಥೆಯ ಹೆಗಲಿಗೇ ಬಂದಿತು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹಲವರಿಗೆ ಅಚ್ಚರಿ ತರಬಹುದು. ಸುರಕ್ಷತಾ ಆಯುಕ್ತರು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದ್ದಾರೆ. ರೈಲು ಓಡಿಸುವವರೇ ರೈಲಿನ ಸುರಕ್ಷತೆಗೆ ಪ್ರಮಾಣಪತ್ರ ಕೊಡಬಾರದು ಎಂಬ ಕಾರಣಕ್ಕೆ 1941ರಲ್ಲಿಯೇ ಈ ತನಿಖಾ ಅಧಿಕಾರಿಗಳನ್ನು ರೈಲ್ವೆ ಮಂಡಳಿಯ ಹಿಡಿತದಿಂದ ಬಿಡಿಸಿ ಅಂದಿನ ಅಂಚೆ ಮತ್ತು ವಾಯು ಇಲಾಖೆಗೆ ಸೇರಿಸಲಾಯಿತು. ನಮ್ಮ ಭಾಗದಲ್ಲಿ ದಕ್ಷಿಣ ವೃತ್ತದ ಆಯುಕ್ತರೇ ರೈಲ್ವೆಯನ್ನೂ ಮೆಟ್ರೊವನ್ನೂ ನೋಡುತ್ತಾರೆ. ಇಡೀ ಹಂಚಿಕೆಯಲ್ಲಿ ನನಗೆ ಅತ್ಯಂತ ಸರಿಯೆನಿಸುವುದು ಇದೊಂದೇ. ಆಯುಕ್ತರ ಮಾತಿಲ್ಲದೆ ಹೊಸ ಮಾರ್ಗ ತೆರೆಯುವಂತಿಲ್ಲ, ಉದ್ಘಾಟನೆಯ ದಿನಾಂಕಕ್ಕೆ ಯಾರೆಷ್ಟೇ ಅವಸರಪಟ್ಟರೂ ಸರಿ.

ಕಾವಲಿನ ವಿಷಯದಲ್ಲಿಯೂ ಇಂಥದ್ದೇ ಭೇದವಿದೆ. ನಮ್ಮ ಮೆಟ್ರೊ ನಿಲ್ದಾಣಗಳಲ್ಲಿ ಕರ್ನಾಟಕ ರಾಜ್ಯ ಕೈಗಾರಿಕಾ ಭದ್ರತಾ ಪಡೆ ಇದೆ, ದೆಹಲಿಯಲ್ಲಿ ಕೇಂದ್ರದ ಪಡೆ. ಪಕ್ಕದ ರೈಲ್ವೆ ಪ್ಲಾಟ್‌ಫಾರಂಗೆ ಹೋದರೆ ಕೇಂದ್ರದ ರೈಲ್ವೆ ರಕ್ಷಣಾ ಪಡೆಯೂ ರಾಜ್ಯದ ರೈಲ್ವೆ ಪೊಲೀಸರೂ ಇರುತ್ತಾರೆ. ಕಳ್ಳತನದ ದೂರು ದಾಖಲಿಸುವುದು ರಾಜ್ಯದ ಪೊಲೀಸರ ಬಳಿ.

ಉತ್ತರ 5: ಲಂಡನ್ನಿನಿಂದ ಒಬ್ಬ ಕನ್ನಡಿಗ

ಈ ಚರ್ಚೆಯನ್ನು ಓದುವಾಗ ನಾನಿರುವ ಊರಿನ ವ್ಯವಸ್ಥೆಯನ್ನು ಹೇಳಬೇಕೆನಿಸಿತು. ಲಂಡನ್ನಿನಲ್ಲಿಯೂ ಕೆಲಸಗಳು ಹಂಚಿಹೋಗಿವೆ, ಇನ್ನೂ ಹೆಚ್ಚೇ ಎನ್ನಬಹುದು. ಭೂಗತ ರೈಲನ್ನು ನಗರದ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್ ತಾನೇ ಓಡಿಸುತ್ತದೆ. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗವನ್ನು ಮೊದಲು ಹಾಂಕಾಂಗ್‌ನ ಎಂಟಿಆರ್ ಓಡಿಸಿತು, 2025ರ ಮೇ ತಿಂಗಳಿನಿಂದ ಟೋಕಿಯೊ ಮೆಟ್ರೊ ಪಾಲುದಾರನಾಗಿರುವ ಬೇರೊಂದು ಕೂಟ ಓಡಿಸುತ್ತಿದೆ. ಅದೇ ಮಾರ್ಗದಲ್ಲಿ ನಗರದ ಹೊರಭಾಗದ ಹಳಿಗಳು ದೇಶದ ರೈಲು ಜಾಲವನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆಯವು.

ಆದರೆ ಪ್ರಯಾಣಿಕನಿಗೆ ಇದಾವುದೂ ತಿಳಿದಿರಬೇಕಾಗಿಲ್ಲ. ಟಿಕೆಟ್ ಹಣ ಟಿಎಫ್‌ಎಲ್‌ಗೆ ಹೋಗುತ್ತದೆ, ಓಡಿಸುವ ಕಂಪನಿಗೆ ಕರಾರಿನ ಪ್ರಕಾರ ಶುಲ್ಕ ಸಿಗುತ್ತದೆ, ಸಮಯಪಾಲನೆ ತಪ್ಪಿದರೆ ಆ ಶುಲ್ಕಕ್ಕೆ ಕತ್ತರಿ ಬೀಳುತ್ತದೆ. ಟಿಎಫ್‌ಎಲ್ ದರಗಳನ್ನು ನಿರ್ಧರಿಸುವವರು ಚುನಾಯಿತ ಮೇಯರ್. ದರ ಏರಿದರೆ ಮುಂದಿನ ಚುನಾವಣೆಯಲ್ಲಿ ಯಾರನ್ನು ಕೇಳಬೇಕೆಂಬುದು ಮತದಾರರಿಗೆ ಗೊತ್ತಿರುತ್ತದೆ. ದೂರಿಗೆ ತೃಪ್ತಿಕರ ಉತ್ತರ ಬಾರದಿದ್ದರೆ ಪ್ರಯಾಣಿಕರ ಪರವಾಗಿ ಕೇಳಲೆಂದು ಕಾನೂನಿನಂತೆ ರಚಿಸಿದ ಲಂಡನ್ ಟ್ರಾವೆಲ್‌ವಾಚ್ ಎಂಬ ಸಂಸ್ಥೆ ಇದೆ.

ಇಲ್ಲಿಯೂ ಪೆಟ್ಟು ತಿಂದು ಕಲಿತಿದ್ದಾರೆ. ಭೂಗತ ರೈಲಿನ ಹಳಿ, ಬೋಗಿಗಳ ನಿರ್ವಹಣೆಯನ್ನು ಮೂವತ್ತು ವರ್ಷಗಳ ಕರಾರಿನ ಮೇಲೆ ಖಾಸಗಿಯವರಿಗೆ ವಹಿಸಿದ್ದರು. ಅವರಲ್ಲಿ ದೊಡ್ಡದಾಗಿದ್ದ ಮೆಟ್ರೊನೆಟ್ ಕಂಪನಿ 2007ರಲ್ಲಿ ಕುಸಿದುಬಿದ್ದಿತು, ಕೆಲಸ ಮತ್ತೆ ಟಿಎಫ್‌ಎಲ್ ಕೈಗೆ ಬಂತು. ಬೆಂಗಳೂರಿನಲ್ಲಿ ಸಂಸ್ಥೆಗಳ ಸಂಖ್ಯೆ ಕಡಿಮೆ ಮಾಡಬೇಕೆಂದು ನಾನು ಹೇಳುವುದಿಲ್ಲ. ಕೆಲಸಗಳನ್ನು ಎಷ್ಟು ಜನರಿಗೆ ಬೇಕಾದರೂ ಹಂಚಲಿ, ಪ್ರಯಾಣಿಕನಿಗೆ ಉತ್ತರ ಕೊಡುವ ಹೊಣೆಯನ್ನು ಮಾತ್ರ ಹಂಚಬಾರದು.

ಉತ್ತರ 6: ಕಾನೂನು ಓದುಗಿ

ಲಂಡನ್ನಿನ ಸ್ನೇಹಿತರು ಹೇಳಿದಂಥ ಒಂದು ಸಂಸ್ಥೆಯನ್ನು ಕಟ್ಟುವ ಪ್ರಯತ್ನ ನಮ್ಮಲ್ಲಿಯೂ ನಡೆದಿದೆ. 2007ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಸ್ಥಾಪನೆಯಾಯಿತು, 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಮುಖ್ಯಮಂತ್ರಿಯವರೇ ಪ್ರಾಧಿಕಾರದ ಅಧ್ಯಕ್ಷರು. ಮೆಟ್ರೊ, ಬಿಎಂಟಿಸಿ, ನಗರ ಪಾಲಿಕೆ, ಸಂಚಾರ ಪೊಲೀಸರು ಒಂದೇ ಮೇಜಿನ ಸುತ್ತ ಕೂರಬೇಕೆಂಬುದು ಅದರ ಉದ್ದೇಶ. ಆದರೆ ರಾಜ್ಯದ ಕಾಯ್ದೆಯೊಂದು ರೈಲ್ವೆ ಸಚಿವಾಲಯಕ್ಕೆ ಆದೇಶ ಕೊಡಲಾರದು. ಮೆಮು ಮತ್ತು ಮೆಟ್ರೊ ಕೂಡುವ ಜಾಗದಲ್ಲಿ ಪ್ರಾಧಿಕಾರವು ಒತ್ತಾಯಿಸಬಹುದು, ಒಪ್ಪಿಸಬಹುದು, ಅದಕ್ಕಿಂತ ಮುಂದೆ ಹೋಗಲಾರದು.

ಹೀಗಾಗಿ ನಿಮ್ಮ ಲಿಫ್ಟ್ ಮತ್ತು ದೀಪದ ಬೇಡಿಕೆ ಚಿಕ್ಕದಾಗಿ ಕಂಡರೂ ನಾಲ್ಕರಲ್ಲಿ ಅತ್ಯಂತ ಕಠಿಣವಾದದ್ದು. ಮೇಲ್ಸೇತುವೆಯ ಒಂದು ಕಾಲು ಮೆಟ್ರೊ ಜಾಗದಲ್ಲಿ, ಇನ್ನೊಂದು ರೈಲ್ವೆ ಜಾಗದಲ್ಲಿ, ಇಳಿದ ಮೇಲಿನ ಪಾದಚಾರಿ ಮಾರ್ಗ ಪಾಲಿಕೆಯ ಜಾಗದಲ್ಲಿ ಇರಬಹುದು. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿರುವುದರಿಂದ ಬೀದಿ ದೀಪಕ್ಕೆ ನಿಮ್ಮ ಪಾಲಿಕೆ ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಿ. ಲಿಫ್ಟಿನ ವಿಷಯದಲ್ಲಿ, ಹಳಿಯ ಮೇಲೆ ಹಾಯುವ ಯಾವ ಸೇತುವೆಗೂ ರೈಲ್ವೆಯ ಒಪ್ಪಿಗೆ ಬೇಕೇ ಬೇಕು. ಸೇತುವೆಯನ್ನು ಒಬ್ಬರು ಹಣ ಕೊಟ್ಟು ಇನ್ನೊಬ್ಬರಿಂದ ಠೇವಣಿ ಕಾಮಗಾರಿಯಾಗಿ ಮಾಡಿಸಿರಬಹುದು, ಅಥವಾ ತಾವೇ ಕಟ್ಟಿರಬಹುದು. ಎರಡರಲ್ಲಿ ಯಾವುದಾದರೂ ಕಟ್ಟುವ ಮುನ್ನ ಕರಾರು ಆಗಿರುತ್ತದೆ, ಮುಂದಿನ ನಿರ್ವಹಣೆ ಯಾರದೆಂಬುದು ಅದರಲ್ಲಿ ಬರೆದಿರುತ್ತದೆ.

ಆದ್ದರಿಂದ ಮನವಿಗೆ ಮುನ್ನ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೆಟ್ರೊ ನಿಗಮಕ್ಕೂ ರೈಲ್ವೆಯ ವಿಭಾಗೀಯ ಕಚೇರಿಗೂ ಒಂದೇ ದಿನ ಬೇರೆ ಬೇರೆ ಅರ್ಜಿ ಕೊಡಿ. ಲಿಫ್ಟ್ ಏಕೆ ಕೆಟ್ಟಿದೆ ಎಂದು ಕೇಳಬೇಡಿ, ಏಕೆಂದರೆ ಕಾರಣ ಕೇಳುವ ಪ್ರಶ್ನೆಗೆ ಮಾಹಿತಿ ಅಧಿಕಾರಿ ಉತ್ತರಿಸಬೇಕಾಗಿಲ್ಲ. ದಾಖಲೆಯನ್ನೇ ಕೇಳಿ: ಆ ಮೇಲ್ಸೇತುವೆಗೆ ಸಂಬಂಧಿಸಿ ಎರಡು ಸಂಸ್ಥೆಗಳ ನಡುವೆ ಆಗಿರುವ ಕರಾರಿನ ಪ್ರತಿ, ಲಿಫ್ಟಿನ ವಾರ್ಷಿಕ ನಿರ್ವಹಣಾ ಗುತ್ತಿಗೆಯ ಪ್ರತಿ, ಕಳೆದ ಒಂದು ವರ್ಷದಲ್ಲಿ ಅದಕ್ಕೆ ಪಾವತಿಸಿದ ಬಿಲ್ಲುಗಳ ಪ್ರತಿ. ಲಿಫ್ಟಿನೊಳಗೆ ಅಂಟಿಸಿರುವ ಫಲಕದಲ್ಲಿ ಯಾವ ಸಂಸ್ಥೆಯ ಹೆಸರಿದೆ, ಯಾವ ಸಂಖ್ಯೆಯಿದೆ ಎಂಬುದನ್ನು ನೋಡಿ ಅರ್ಜಿಯಲ್ಲಿ ಹಾಗೆಯೇ ನಮೂದಿಸಿ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಬರೆಯಬಹುದು. ಉತ್ತರ ಕೈಗೆ ಬಂದ ಮೇಲೆ ಇಲ್ಲಿ ಹಾಕಿದರೆ, ಕರಾರಿನ ಯಾವ ಕಲಮನ್ನು ಮುಂದಿಟ್ಟು ಪತ್ರ ಬರೆಯಬೇಕೆಂಬುದನ್ನು ನೋಡಿ ಕರಡು ಸಿದ್ಧಪಡಿಸಲು ನಾನು ನೆರವಾಗುತ್ತೇನೆ.